ಬಾಂಗ್ಲಾದೇಶ ಅಕಾರ್ಡ್

ಬಾಂಗ್ಲಾದೇಶ ಅಕಾರ್ಡ್ ಎಂಬುದು ಬಾಂಗ್ಲಾದೇಶದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಬೆಂಕಿ, ವಿದ್ಯುತ್ ಮತ್ತು ಕಟ್ಟಡ ಸುರಕ್ಷತೆಯನ್ನು ಖಾತರಿಪಡಿಸಲು ವಿದೇಶಿ ಬ್ರ್ಯಾಂಡ್ ಕಂಪನಿಗಳೂ ಕಾರ್ಮಿಕ ಸಂಘಟನೆಗಳೂ 2013ರ ಮೇ ತಿಂಗಳಲ್ಲಿ ಮಾಡಿಕೊಂಡ, ಕಾನೂನಿನ ಕಟ್ಟುಪಾಡುಳ್ಳ ಒಪ್ಪಂದ. ಬಾಂಗ್ಲಾದೇಶ ಅಗ್ನಿ ಮತ್ತು ಕಟ್ಟಡ ಸುರಕ್ಷತಾ ಒಪ್ಪಂದ ಎಂಬುದು ಇದರ ಪೂರ್ಣ ಹೆಸರು. ಒಂದು ದೇಶದಲ್ಲಿ ಬಟ್ಟೆ ಹೊಲಿಸಿ ಇನ್ನೊಂದು ದೇಶದಲ್ಲಿ ಮಾರುವ ಕಂಪನಿಗೆ ಹೊಲಿಗೆ ನಡೆಯುವ ಕಟ್ಟಡದ ಬಗ್ಗೆ ಎಷ್ಟು ಹೊಣೆ ಇದೆ ಎಂಬ ಪ್ರಶ್ನೆಗೆ ಕರಾರಿನ ರೂಪದಲ್ಲಿ ಉತ್ತರ ಕೊಟ್ಟ ಪ್ರಯತ್ನಗಳಲ್ಲಿ ಇದೇ ಅತ್ಯಂತ ದೊಡ್ಡದು. ಅಂತರರಾಷ್ಟ್ರೀಯ ಅಭಿವೃದ್ಧಿಯಲ್ಲಿ ಉದ್ಯಮಗಳ ಪಾತ್ರವನ್ನು ಕುರಿತ ಚರ್ಚೆಯಲ್ಲಿ ಈ ಒಪ್ಪಂದದ ಉಲ್ಲೇಖ ಮತ್ತೆ ಮತ್ತೆ ಬರುವುದು ಈ ಕಾರಣಕ್ಕೆ.

ಈ ಲೇಖನದಲ್ಲಿ ‘ಬ್ರ್ಯಾಂಡ್’ ಎಂದರೆ ತನ್ನ ಹೆಸರಿನಲ್ಲಿ ಉಡುಪು ಮಾರುವ ಕಂಪನಿ. ಸಾಮಾನ್ಯವಾಗಿ ಅದಕ್ಕೆ ಸ್ವಂತ ಕಾರ್ಖಾನೆ ಇರುವುದಿಲ್ಲ. ‘ಪೂರೈಕೆದಾರ’ ಎಂದರೆ ಬ್ರ್ಯಾಂಡಿನ ಆರ್ಡರ್ ಪಡೆದು ಹೊಲಿದುಕೊಡುವ ಕಾರ್ಖಾನೆಯ ಮಾಲೀಕ. ‘ಉದ್ಯಮ ಹೊಣೆಗಾರಿಕೆ’ ಎಂಬುದನ್ನು ಕಂಪನಿಯ ವ್ಯವಹಾರದಿಂದಲೇ ಜನರ ಮೇಲೆ ಆಗುವ ಪರಿಣಾಮಕ್ಕೆ ಉತ್ತರದಾಯಿಯಾಗುವುದು ಎಂಬ ಅರ್ಥದಲ್ಲಿ ಬಳಸಲಾಗಿದೆ. ಲಾಭದ ಒಂದು ಪಾಲನ್ನು ಶಾಲೆ, ಆಸ್ಪತ್ರೆಗಳಿಗೆ ಕೊಡುವುದು ಬೇರೆ ವಿಷಯ.

ಹಿನ್ನೆಲೆ

ಬಾಂಗ್ಲಾದೇಶದ ರಫ್ತು ಉಡುಪು ಉದ್ಯಮ 1970ರ ದಶಕದ ಕೊನೆಯಲ್ಲಿ ಶುರುವಾಯಿತು. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಸಂಸ್ಥೆ ತನ್ನ ಸುಮಾರು 130 ನೌಕರರನ್ನು ದಕ್ಷಿಣ ಕೊರಿಯಾದ ದೇವೂ ಕಂಪನಿಗೆ ತರಬೇತಿಗೆ ಕಳಿಸಿತು. ಹಾಗೆ ಕಲಿತುಬಂದವರಲ್ಲಿ ಅನೇಕರು ಮುಂದೆ ಸ್ವಂತ ಕಾರ್ಖಾನೆ ಕಟ್ಟಿದರು. ಜವಳಿ ವ್ಯಾಪಾರದಲ್ಲಿ ಆಗ ಇದ್ದ ಕೋಟಾ ಪದ್ಧತಿಯೂ, ಅತಿ ಹಿಂದುಳಿದ ದೇಶಗಳ ಸರಕಿಗೆ ಐರೋಪ್ಯ ಒಕ್ಕೂಟ 2001ರಲ್ಲಿ ಕೊಟ್ಟ ಸುಂಕ ವಿನಾಯಿತಿಯೂ ಉದ್ಯಮದ ಬೆಳವಣಿಗೆಗೆ ನೆರವಾದವು. ಇಂದು ದೇಶದ ರಫ್ತು ಆದಾಯದ ಶೇ. 80ಕ್ಕೂ ಹೆಚ್ಚು ಭಾಗ ಉಡುಪಿನಿಂದ ಬರುತ್ತದೆ. ಸುಮಾರು 40 ಲಕ್ಷ ಜನ ಈ ಕೆಲಸದಲ್ಲಿದ್ದಾರೆ, ಅವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ಹೆಂಗಸರ ಕೈಗೆ ಸಂಬಳ ಬಂದದ್ದು, ಬಡತನ ಇಳಿದದ್ದು, ಮದುವೆಯ ವಯಸ್ಸು ಮುಂದಕ್ಕೆ ಹೋದದ್ದು ಇವೆಲ್ಲದರ ಹಿಂದೆ ಈ ಉದ್ಯಮದ ಪಾಲಿದೆ. ಅಭಿವೃದ್ಧಿ ಅರ್ಥಶಾಸ್ತ್ರಜ್ಞರು ಬಾಂಗ್ಲಾದೇಶವನ್ನು ಮಾದರಿಯಾಗಿ ತೋರಿಸಿದ್ದು ಈ ಆಧಾರದ ಮೇಲೆಯೇ.

ಬೆಳವಣಿಗೆಯ ವೇಗಕ್ಕೆ ಕಟ್ಟಡಗಳು ಸಾಲಲಿಲ್ಲ. ಢಾಕಾ, ಸಾವರ್, ಗಾಜಿಪುರ, ಚಿತ್ತಗಾಂಗ್‌ಗಳಲ್ಲಿ ಅಂಗಡಿಗೆಂದೋ ವಾಸಕ್ಕೆಂದೋ ಕಟ್ಟಿದ ಮಹಡಿಗಳಲ್ಲಿ ಹೊಲಿಗೆ ಯಂತ್ರಗಳನ್ನು ಕೂರಿಸಲಾಯಿತು. ಪರವಾನಗಿ ಇಲ್ಲದೆ ಮೇಲೆ ಮೇಲೆ ಅಂತಸ್ತುಗಳನ್ನು ಏರಿಸಲಾಯಿತು. 2005ರ ಏಪ್ರಿಲ್‌ನಲ್ಲಿ ಸಾವರ್‌ನ ಸ್ಪೆಕ್ಟ್ರಂ ಕಾರ್ಖಾನೆ ಕುಸಿದು 64 ಮಂದಿ ಸತ್ತರು. 2010ರ ಡಿಸೆಂಬರ್‌ನಲ್ಲಿ ದಟ್ಸ್ ಇಟ್ ಸ್ಪೋರ್ಟ್ಸ್‌ವೇರ್ ಕಾರ್ಖಾನೆಯ ಬೆಂಕಿ 29 ಜೀವ ತೆಗೆದುಕೊಂಡಿತು. 2012ರ ನವೆಂಬರ್ 24ರಂದು ಆಶುಲಿಯಾದ ತಾಜ್ರೀನ್ ಫ್ಯಾಷನ್ಸ್ ಕಾರ್ಖಾನೆಯ ನೆಲಮಹಡಿಯ ದಾಸ್ತಾನಿಗೆ ಬೆಂಕಿ ಬಿದ್ದು ಕನಿಷ್ಠ 112 ಮಂದಿ ಸತ್ತರು. ಮೆಟ್ಟಿಲುಗಳೆಲ್ಲ ಬೆಂಕಿಯಿದ್ದ ಆ ನೆಲಮಹಡಿಗೇ ಇಳಿಯುತ್ತಿದ್ದವು.

ಈ ಅವಧಿಯಲ್ಲಿ ಉದ್ಯಮ ಹೊಣೆಗಾರಿಕೆ ಇರಲಿಲ್ಲವೆಂದಲ್ಲ. ಅಮೆರಿಕದ ಲೀವೈ ಸ್ಟ್ರಾಸ್ ಕಂಪನಿ 1991ರಲ್ಲೇ ಪೂರೈಕೆದಾರರಿಗೆ ನೀತಿಸಂಹಿತೆ ಹೊರಡಿಸಿತ್ತು. 1990ರ ದಶಕದಲ್ಲಿ ನೈಕಿ ವಿರುದ್ಧದ ಆಂದೋಲನದ ಬಳಿಕ ಬಹುತೇಕ ದೊಡ್ಡ ಬ್ರ್ಯಾಂಡ್‌ಗಳು ಅದನ್ನೇ ಅನುಸರಿಸಿದವು. 2000ದಲ್ಲಿ ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್ ಆರಂಭವಾಯಿತು. 2011ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ, ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಜಾನ್ ರಗ್ಗಿ ಉದ್ಯಮಗಳು ಮತ್ತು ಮಾನವ ಹಕ್ಕುಗಳ ಬಗ್ಗೆ ಸಿದ್ಧಪಡಿಸಿದ 31 ಮಾರ್ಗದರ್ಶಿ ತತ್ವಗಳನ್ನು ಅನುಮೋದಿಸಿತು. ಹಕ್ಕುಗಳನ್ನು ರಕ್ಷಿಸುವುದು ಸರ್ಕಾರದ ಕರ್ತವ್ಯ, ಅವುಗಳನ್ನು ಗೌರವಿಸುವುದು ಕಂಪನಿಯ ಹೊಣೆ, ಹಾನಿಯಾದವರಿಗೆ ಪರಿಹಾರದ ದಾರಿ ಇರಬೇಕು ಎಂಬುದು ಅವುಗಳ ಸಾರ. ಕಾರ್ಖಾನೆಯ ಮಟ್ಟಕ್ಕೆ ಬಂದಾಗ ಇವೆಲ್ಲ ‘ಸೋಷಿಯಲ್ ಆಡಿಟ್’ ಎಂಬ ಒಂದೇ ರೂಪ ತಾಳುತ್ತಿದ್ದವು: ಬ್ರ್ಯಾಂಡ್ ಅಥವಾ ಪೂರೈಕೆದಾರ ಹಣ ಕೊಟ್ಟು ಕರೆಸಿದ ಖಾಸಗಿ ಸಂಸ್ಥೆಯವರು ಒಂದೆರಡು ದಿನ ಬಂದು, ಪಟ್ಟಿ ಹಿಡಿದು ನೋಡಿ, ವರದಿ ಬರೆದು ಹೋಗುವುದು. ವರದಿ ಗುಟ್ಟಾಗಿರುತ್ತಿತ್ತು, ಕಟ್ಟಡದ ಕಾಂಕ್ರೀಟು ಪರೀಕ್ಷೆ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. ಪಾಕಿಸ್ತಾನದ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಇಂಥ ಆಡಿಟ್‌ನ ಆಧಾರದಲ್ಲಿ ಕೊಡುವ ಎಸ್‌ಎ 8000 ಪ್ರಮಾಣಪತ್ರ ಸಿಕ್ಕಿ ಕೆಲವೇ ವಾರಗಳಾಗಿದ್ದವು. 2012ರ ಸೆಪ್ಟೆಂಬರ್ 11ರಂದು ಅಲ್ಲಿ ಬೆಂಕಿ ಹತ್ತಿ 250ಕ್ಕೂ ಹೆಚ್ಚು ಮಂದಿ ಸತ್ತರು. ಬೆಂಕಿಯನ್ನು ಬೇಕೆಂದೇ ಹಚ್ಚಲಾಗಿತ್ತೆಂದು ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. ಸಾವು ಅಷ್ಟೊಂದು ಏರಿದ್ದಕ್ಕೆ ಮುಚ್ಚಿದ್ದ ಹೊರದಾರಿಗಳೂ ಕಾರಣ.

ರಾಣಾ ಪ್ಲಾಝಾ ದುರಂತ

ಸಾವರ್‌ನ ರಾಣಾ ಪ್ಲಾಝಾ ಎಂಟು ಅಂತಸ್ತಿನ ವಾಣಿಜ್ಯ ಕಟ್ಟಡ. ಕೆಳಗೆ ಅಂಗಡಿಗಳು ಮತ್ತು ಒಂದು ಬ್ಯಾಂಕ್ ಶಾಖೆ, ಮೇಲಿನ ಮಹಡಿಗಳಲ್ಲಿ ಐದು ಉಡುಪು ಕಾರ್ಖಾನೆಗಳಿದ್ದವು. 2013ರ ಏಪ್ರಿಲ್ 23ರಂದು ಕಂಬಗಳಲ್ಲಿ ಬಿರುಕು ಕಾಣಿಸಿಕೊಂಡಿತು. ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಮರುದಿನ ಬರಬೇಡಿ ಎಂದರು, ಅಂಗಡಿಗಳೂ ಬಾಗಿಲು ತೆರೆಯಲಿಲ್ಲ. ಗಾರ್ಮೆಂಟ್ಸ್ ಕಾರ್ಮಿಕರಿಗೆ ಮಾತ್ರ ಕೆಲಸಕ್ಕೆ ಬರಲೇಬೇಕೆಂದು ಒತ್ತಾಯಿಸಲಾಯಿತು. ಬಾರದಿದ್ದರೆ ಸಂಬಳ ಹಿಡಿಯುವ ಬೆದರಿಕೆ ಇತ್ತೆಂದು ಬದುಕುಳಿದವರು ಹೇಳಿದ್ದಾರೆ. 24ರ ಬೆಳಿಗ್ಗೆ ಕರೆಂಟು ಹೋಗಿ, ಮೇಲಿನ ಮಹಡಿಗಳ ಜನರೇಟರುಗಳು ಶುರುವಾದ ಸ್ವಲ್ಪ ಹೊತ್ತಿಗೆ ಇಡೀ ಕಟ್ಟಡ ಕುಸಿಯಿತು. 1,134 ಮಂದಿ ಸತ್ತರು, ಸುಮಾರು 2,500 ಮಂದಿ ಗಾಯಗೊಂಡರು. ಕೊನೆಯ ಬದುಕುಳಿದವಳನ್ನು ಹದಿನೇಳನೆಯ ದಿನ ಹೊರತೆಗೆಯಲಾಯಿತು.

ಅದೇ ಕಟ್ಟಡದ ಬ್ಯಾಂಕ್ ನೌಕರ ಬದುಕಿದ, ಹೊಲಿಗೆ ಕೆಲಸದವಳು ಸತ್ತಳು ಎಂಬ ಸಂಗತಿ ಅಕಾರ್ಡ್‌ನ ವಿನ್ಯಾಸವನ್ನು ಅರ್ಥಮಾಡಿಕೊಳ್ಳಲು ಮುಖ್ಯವಾದುದು. ಅಪಾಯ ಎಲ್ಲರಿಗೂ ಗೊತ್ತಿತ್ತು. ಅಪಾಯಕ್ಕೆ ಬೆನ್ನು ತಿರುಗಿಸಿ ಹೊರನಡೆಯುವ ಅಧಿಕಾರ ಕಾರ್ಮಿಕರಿಗೆ ಇರಲಿಲ್ಲ. ಸಾವರ್, ಆಶುಲಿಯಾಗಳ ಬಹುತೇಕ ಕಾರ್ಖಾನೆಗಳಲ್ಲಿ ಸಂಘ ಕಟ್ಟುವವರನ್ನು ಕೆಲಸದಿಂದ ತೆಗೆಯುವುದು ವಾಡಿಕೆಯಾಗಿತ್ತು.

ಹುಟ್ಟು

ಒಪ್ಪಂದದ ಕರಡು ರಾಣಾ ಪ್ಲಾಝಾಕ್ಕಿಂತ ಹಳೆಯದು. 2010ರ ಬೆಂಕಿಯ ನಂತರ ಬಾಂಗ್ಲಾದೇಶದ ಕಾರ್ಮಿಕ ಸಂಘಟನೆಗಳೂ ಕ್ಲೀನ್ ಕ್ಲೋತ್ಸ್ ಕ್ಯಾಂಪೇನ್, ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಮೊದಲಾದ ಸಂಸ್ಥೆಗಳೂ ಸೇರಿ ಇದರ ಮೂಲರೂಪವನ್ನು ಬ್ರ್ಯಾಂಡ್‌ಗಳ ಮುಂದಿಟ್ಟಿದ್ದವು. 2012ರಲ್ಲಿ ಅಮೆರಿಕದ ಪಿವಿಎಚ್ ಮತ್ತು ಜರ್ಮನಿಯ ಚಿಬೊ ಎಂಬ ಎರಡು ಕಂಪನಿಗಳು ಸಹಿ ಹಾಕಿದವು. ಜಾರಿಗೆ ನಾಲ್ಕು ಕಂಪನಿಗಳಾದರೂ ಬೇಕಿತ್ತು. ಮಿಕ್ಕವರು ಮುಂದೆ ಬರಲಿಲ್ಲ. ರಾಣಾ ಪ್ಲಾಝಾದ ಅವಶೇಷಗಳ ನಡುವೆ ಬ್ರ್ಯಾಂಡ್‌ಗಳ ಲೇಬಲ್ಲು, ಆರ್ಡರ್ ಕಾಗದಗಳು ಸಿಕ್ಕ ಚಿತ್ರಗಳು ಲೋಕಕ್ಕೆ ತಲುಪಿದಾಗ ಪರಿಸ್ಥಿತಿ ಬದಲಾಯಿತು. ಶೋಧ ಕಾರ್ಯ ಮುಗಿದ ದಿನವಾದ 2013ರ ಮೇ 13ರಂದೇ ಎಚ್ ಅಂಡ್ ಎಂ, ಇಂಡಿಟೆಕ್ಸ್ ಮುಂತಾದ ದೊಡ್ಡ ಖರೀದಿದಾರರು ಒಪ್ಪಂದಕ್ಕೆ ಸೇರುವುದಾಗಿ ಸಾರಿದರು. ಮುಂದೆ ಸಹಿ ಮಾಡಿದ ಕಂಪನಿಗಳ ಸಂಖ್ಯೆ 200 ದಾಟಿತು.

ರಚನೆ

ಕಾರ್ಮಿಕರ ಪರವಾಗಿ ಸಹಿ ಮಾಡಿದವು ಇಂಡಸ್ಟ್ರಿಆಲ್ ಮತ್ತು ಯುಎನ್‌ಐ ಎಂಬ ಎರಡು ಜಾಗತಿಕ ಒಕ್ಕೂಟಗಳು ಹಾಗೂ ಬಾಂಗ್ಲಾದೇಶದ ಅವುಗಳ ಅಂಗಸಂಘಟನೆಗಳು. ನಾಲ್ಕು ಸ್ವಯಂಸೇವಾ ಸಂಸ್ಥೆಗಳು ಸಾಕ್ಷಿಗಳಾಗಿ ಸಹಿ ಹಾಕಿದವು. ಆಡಳಿತ ಸಮಿತಿಯಲ್ಲಿ ಬ್ರ್ಯಾಂಡ್‌ಗಳಿಗೂ ಸಂಘಟನೆಗಳಿಗೂ ಸಮಾನ ಸ್ಥಾನ. ತಟಸ್ಥ ಅಧ್ಯಕ್ಷತೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯದು. ಒಪ್ಪಂದ ಐದು ವರ್ಷಗಳಿಗೆ ಅನ್ವಯಿಸುತ್ತಿತ್ತು. ಪ್ರತಿ ಬ್ರ್ಯಾಂಡ್ ತಾನು ಬಾಂಗ್ಲಾದೇಶದಿಂದ ಕೊಳ್ಳುವ ಸರಕಿನ ಪ್ರಮಾಣಕ್ಕೆ ತಕ್ಕಂತೆ ವಂತಿಗೆ ಕೊಡಬೇಕಿತ್ತು, ವರ್ಷಕ್ಕೆ ಗರಿಷ್ಠ 5 ಲಕ್ಷ ಡಾಲರ್.

ಹಳೆಯ ಆಡಿಟ್ ಪದ್ಧತಿಯಿಂದ ಅಕಾರ್ಡನ್ನು ಬೇರ್ಪಡಿಸುವ ಅಂಶಗಳಲ್ಲಿ ಮೊದಲನೆಯದು ಅದರ ಕಾನೂನು ಬಲ. ಬ್ರ್ಯಾಂಡ್ ಮಾತು ತಪ್ಪಿದರೆ ಕಾರ್ಮಿಕ ಒಕ್ಕೂಟ ಅದನ್ನು ಪಂಚಾಯ್ತಿ ತೀರ್ಪಿಗೆ, ಎಂದರೆ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಎಳೆಯಬಹುದು. ಆ ತೀರ್ಪನ್ನು ಬ್ರ್ಯಾಂಡಿನ ಸ್ವದೇಶದ ನ್ಯಾಯಾಲಯದಲ್ಲಿ ಜಾರಿ ಮಾಡಿಸಬಹುದು. ಇದು ಕಾಗದದಲ್ಲೇ ಉಳಿಯಲಿಲ್ಲ. 2016ರಲ್ಲಿ ಹೆಸರು ಬಹಿರಂಗಪಡಿಸದ ಎರಡು ಬ್ರ್ಯಾಂಡ್‌ಗಳ ವಿರುದ್ಧ ಹೇಗ್‌ನ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ಪ್ರಕರಣ ಹೂಡಲಾಯಿತು. ಎರಡೂ ರಾಜಿಯಲ್ಲಿ ಮುಗಿದವು, 2018ರ ಜನವರಿಯ ರಾಜಿಯಂತೆ ಒಂದು ಬ್ರ್ಯಾಂಡ್ 23 ಲಕ್ಷ ಡಾಲರ್ ಕೊಟ್ಟಿತು. ಅದರ ಬಹುಪಾಲು 150ಕ್ಕೂ ಹೆಚ್ಚು ಕಾರ್ಖಾನೆಗಳ ದುರಸ್ತಿಗೆ ಮೀಸಲಾಯಿತು.

ಎರಡನೆಯದು ದುಡ್ಡಿನ ಹೊಣೆ. ದುರಸ್ತಿಯ ಖರ್ಚನ್ನು ಕಾರ್ಖಾನೆಯ ಮಾಲೀಕನೇ ಮಾಡಬೇಕು. ಆದರೆ ಅವನಿಗೆ ಅದು ಎಟಕುವಂತೆ ನೋಡಿಕೊಳ್ಳುವುದು ಬ್ರ್ಯಾಂಡಿನ ಕರ್ತವ್ಯ. ಬೆಲೆ ಹೆಚ್ಚಿಸುವುದು, ಮುಂಗಡ ಕೊಡುವುದು, ಸಾಲ ದೊರಕಿಸುವುದು ಇದರಲ್ಲಿ ಸೇರಿವೆ. ದುರಸ್ತಿಗಾಗಿ ಕಾರ್ಖಾನೆ ಮುಚ್ಚಿದರೆ ಆರು ತಿಂಗಳವರೆಗೆ ಕಾರ್ಮಿಕರ ಕೆಲಸ ಮತ್ತು ಸಂಬಳ ಉಳಿಸಬೇಕು. ದುರಸ್ತಿಗೆ ಒಪ್ಪದ ಪೂರೈಕೆದಾರನ ಜೊತೆ ಎಲ್ಲ ಬ್ರ್ಯಾಂಡ್‌ಗಳೂ ಒಟ್ಟಿಗೆ ವ್ಯವಹಾರ ನಿಲ್ಲಿಸಬೇಕು. ಮುಂದಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಕಾರ್ಖಾನೆಗಳು ಹೀಗೆ ಪಟ್ಟಿಯಿಂದ ಹೊರಬಿದ್ದವು.

ಇವುಗಳ ಜೊತೆಗೆ ಪ್ರತಿ ಕಾರ್ಖಾನೆಯ ತಪಾಸಣಾ ವರದಿಯನ್ನೂ ದುರಸ್ತಿ ಯೋಜನೆಯನ್ನೂ ಸಾರ್ವಜನಿಕವಾಗಿ ಪ್ರಕಟಿಸುವ ನಿಯಮವಿತ್ತು. ಅಪಾಯ ಕಂಡರೆ ಕೆಲಸ ನಿರಾಕರಿಸುವ ಹಕ್ಕು, ಕಾರ್ಮಿಕರ ಪ್ರತಿನಿಧಿಗಳಿರುವ ಸುರಕ್ಷತಾ ಸಮಿತಿ ಮತ್ತು ಹೆಸರು ಹೇಳದೆ ದೂರು ಕೊಡುವ ವ್ಯವಸ್ಥೆಯೂ ಅದರಲ್ಲಿದ್ದವು.

ಕಾರ್ಯವಿಧಾನ

ತಪಾಸಣೆ ಮೂರು ಕವಲುಗಳಲ್ಲಿ ನಡೆಯುತ್ತದೆ: ಬೆಂಕಿ, ವಿದ್ಯುತ್, ಕಟ್ಟಡ. ನಂತರದ ವರ್ಷಗಳಲ್ಲಿ ಬಾಯ್ಲರ್ ಪರೀಕ್ಷೆಯೂ ಸೇರಿತು. 2017ರ ಜುಲೈನಲ್ಲಿ ಗಾಜಿಪುರದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸಿಡಿದು 13 ಮಂದಿ ಸತ್ತದ್ದು ಅದಕ್ಕೆ ಕಾರಣ.

ಬೆಂಕಿ ತಪಾಸಕ ಮೊದಲು ನೋಡುವುದು ಬಾಗಿಲು. ಬಾಂಗ್ಲಾದೇಶದ ಕಾರ್ಖಾನೆಗಳಲ್ಲಿ ಮಹಡಿಯಿಂದ ಮೆಟ್ಟಿಲಿಗೆ ಹೋಗುವಲ್ಲಿ ಮಡಚುವ ಕಬ್ಬಿಣದ ಗೇಟು ಇರುವುದು ಸಾಮಾನ್ಯವಾಗಿತ್ತು. ಬಟ್ಟೆ ಕಳವಾಗದಿರಲೆಂದು ಅದಕ್ಕೆ ಬೀಗ ಹಾಕುತ್ತಿದ್ದರು. ಬೀಗವಿಲ್ಲದಿದ್ದರೂ ಅದು ಹೊಗೆಯನ್ನು ತಡೆಯುವುದಿಲ್ಲ. ಅಕಾರ್ಡ್ ಅದನ್ನು ಕಿತ್ತುಹಾಕಿಸಿ, ಒಳಗಿನಿಂದ ತಳ್ಳಿದರೆ ಹೊರಕ್ಕೆ ತೆರೆಯುವ, ಬೆಂಕಿ ತಡೆಯುವ ಬಾಗಿಲು ಕೂರಿಸಲು ಹೇಳಿತು. ಮೆಟ್ಟಿಲ ಬುಡದಲ್ಲಿ ಗುಡ್ಡೆ ಹಾಕಿದ ಬಟ್ಟೆ ಥಾನು, ನೂಲಿನ ಪೆಟ್ಟಿಗೆಗಳನ್ನು ಪ್ರತ್ಯೇಕ ಗೋಡೆಯ ಕೋಣೆಗೆ ಸಾಗಿಸಬೇಕಾಯಿತು. ಎಂಜಿನಿಯರುಗಳು ಕಂಬದಿಂದ ಕಾಂಕ್ರೀಟಿನ ತುಂಡು ಕೊರೆದು ಅದರ ಗಟ್ಟಿತನ ಅಳೆದರು, ಒಳಗಿನ ಕಬ್ಬಿಣ ಎಷ್ಟಿದೆ ಎಂದು ಯಂತ್ರದಿಂದ ನೋಡಿದರು. ಯಾವ ಮಹಡಿಯಲ್ಲಿ ಎಷ್ಟು ಭಾರ ಇಡಬಹುದೆಂಬ ನಕ್ಷೆ ಸಿದ್ಧಪಡಿಸಿ ಅಲ್ಲೇ ಪ್ರದರ್ಶಿಸಬೇಕಿತ್ತು. ಕಟ್ಟಡ ತೀರ ಅಪಾಯಕಾರಿ ಎನಿಸಿದರೆ ಸರ್ಕಾರಿ ಪರಿಶೀಲನಾ ಸಮಿತಿಗೆ ತಿಳಿಸಿ ಜನರನ್ನು ತಕ್ಷಣ ಹೊರಗೆ ಕಳಿಸಲಾಗುತ್ತಿತ್ತು.

2014ರ ಸೆಪ್ಟೆಂಬರ್ ಹೊತ್ತಿಗೆ 1,106 ಕಾರ್ಖಾನೆಗಳ ಮೊದಲ ಸುತ್ತಿನ ತಪಾಸಣೆ ಮುಗಿದಿತ್ತು. 80,000ಕ್ಕೂ ಹೆಚ್ಚು ದೋಷಗಳು ಪಟ್ಟಿಯಾದವು. ಇವೇ ಕಾರ್ಖಾನೆಗಳಲ್ಲಿ ಎಷ್ಟೋ ಕಡೆ ಅದುವರೆಗೆ ವರ್ಷ ವರ್ಷವೂ ಆಡಿಟ್ ನಡೆದಿತ್ತು ಎಂಬುದನ್ನು ಗಮನಿಸಬೇಕು.

ಬಗೆಗಳು

ರಾಣಾ ಪ್ಲಾಝಾದ ನಂತರ ಬಾಂಗ್ಲಾದೇಶದಲ್ಲಿ ಮೂರು ವ್ಯವಸ್ಥೆಗಳು ಅಕ್ಕಪಕ್ಕದಲ್ಲೇ ಕೆಲಸ ಮಾಡಿದವು. ಅಕಾರ್ಡ್ ಒಂದು. ವಾಲ್‌ಮಾರ್ಟ್, ಗ್ಯಾಪ್ ಸೇರಿದಂತೆ ಹೆಚ್ಚಾಗಿ ಉತ್ತರ ಅಮೆರಿಕದ ಕಂಪನಿಗಳು 2013ರ ಜುಲೈನಲ್ಲಿ ಕಟ್ಟಿದ ಅಲಯನ್ಸ್ ಎರಡನೆಯದು. ಅದರ ತಪಾಸಣೆಯ ಮಾನದಂಡ ಹೆಚ್ಚುಕಡಿಮೆ ಅಕಾರ್ಡ್‌ನದೇ ಆಗಿದ್ದರೂ ಕಾರ್ಮಿಕ ಸಂಘಟನೆಗಳು ಅದರ ಸಹಿದಾರರಾಗಿರಲಿಲ್ಲ. ಅದು 2018ರ ಕೊನೆಯಲ್ಲಿ ಮುಗಿಯಿತು. ಈ ಎರಡರಲ್ಲೂ ಸೇರದ ಕಾರ್ಖಾನೆಗಳಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನೆರವಿನೊಂದಿಗೆ ಸರ್ಕಾರವೇ ತಪಾಸಣೆ ನಡೆಸಿತು. ದೊಡ್ಡ ಬ್ರ್ಯಾಂಡಿನ ಒತ್ತಡವಿಲ್ಲದ ಈ ಕಾರ್ಖಾನೆಗಳಲ್ಲಿ ದುರಸ್ತಿ ಬಹಳ ನಿಧಾನವಾಗಿ ಸಾಗಿತು.

ಬ್ರ್ಯಾಂಡ್ ಮತ್ತು ಸಂಘಟನೆಗಳ ನಡುವಿನ ಕಟ್ಟುಪಾಡಿನ ಒಪ್ಪಂದಗಳು ಬೇರೆಡೆಯೂ ಹುಟ್ಟಿವೆ. ಆಫ್ರಿಕಾದ ಲೆಸೊಥೊದಲ್ಲಿ 2019ರಲ್ಲಿ ಜೀನ್ಸ್ ಕಾರ್ಖಾನೆಗಳಲ್ಲಿನ ಲೈಂಗಿಕ ಕಿರುಕುಳವನ್ನು ತಡೆಯಲು ಇಂಥ ಒಪ್ಪಂದವಾಯಿತು. ಭಾರತದಲ್ಲಿ ಇದಕ್ಕಿರುವ ಉದಾಹರಣೆ 2022ರ ದಿಂಡಿಗಲ್ ಒಪ್ಪಂದ. ತಮಿಳುನಾಡಿನ ಒಂದು ಉಡುಪು ಕಾರ್ಖಾನೆಯ ದಲಿತ ಯುವತಿಯೊಬ್ಬಳ ಕೊಲೆಯ ನಂತರ, ದಲಿತ ಮಹಿಳೆಯರ ನೇತೃತ್ವದ ಟಿಟಿಸಿಯು ಸಂಘ, ಕಾರ್ಖಾನೆಯ ಕಂಪನಿ ಮತ್ತು ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಬ್ರ್ಯಾಂಡ್‌ಗಳು ಸೇರಿ ಅದನ್ನು ರೂಪಿಸಿದವು. ಕಟ್ಟಡದ ಬದಲು ಲಿಂಗಾಧಾರಿತ ಮತ್ತು ಜಾತಿ ಆಧಾರಿತ ಹಿಂಸೆ ಅದರ ವಿಷಯ. ಜಾರಿಯ ವಿಧಾನ ಮಾತ್ರ ಅಕಾರ್ಡ್‌ನ ಮಾದರಿಯದು.

ಪರಿಣಾಮ

ಮೊದಲ ಐದು ವರ್ಷ ಮುಗಿಯುವ ಹೊತ್ತಿಗೆ ಸುಮಾರು 20 ಲಕ್ಷ ಕಾರ್ಮಿಕರಿದ್ದ 1,600ಕ್ಕೂ ಹೆಚ್ಚು ಕಾರ್ಖಾನೆಗಳು ಅಕಾರ್ಡ್ ವ್ಯಾಪ್ತಿಯಲ್ಲಿದ್ದವು. ಪತ್ತೆಯಾದ ದೋಷಗಳಲ್ಲಿ ಶೇ. 85ರಷ್ಟು ಸರಿಪಡಿಸಲಾಗಿತ್ತು, ಮುಂದೆ ಆ ಪ್ರಮಾಣ ಶೇ. 90 ದಾಟಿತು. ರಾಣಾ ಪ್ಲಾಝಾದಂಥ ಸಾಮೂಹಿಕ ಸಾವು ಬಾಂಗ್ಲಾದೇಶದ ರಫ್ತು ಉಡುಪು ಕಾರ್ಖಾನೆಗಳಲ್ಲಿ ಮತ್ತೆ ನಡೆದಿಲ್ಲ. ಈ ಒಂದು ಸಾಧನೆಯ ತೂಕ ದೊಡ್ಡದು. ಆರ್ಡರುಗಳು ಬೇರೆ ದೇಶಕ್ಕೆ ಓಡಿಹೋಗುತ್ತವೆಂಬ ಭಯವೂ ನಿಜವಾಗಲಿಲ್ಲ. ಈ ಅವಧಿಯಲ್ಲಿ ದೇಶದ ಉಡುಪು ರಫ್ತು ಬೆಳೆಯಿತು.

ಸತ್ತವರ ಕುಟುಂಬಗಳಿಗೂ ಗಾಯಾಳುಗಳಿಗೂ ಪರಿಹಾರ ಕೊಡುವ ಏರ್ಪಾಡು ಅಕಾರ್ಡ್‌ನ ಹೊರಗೆ ನಡೆಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಉಸ್ತುವಾರಿಯ ನಿಧಿಗೆ ಬ್ರ್ಯಾಂಡ್‌ಗಳು ಹಣ ಹಾಕಬೇಕಿತ್ತು. ಕೊಡುಗೆ ಕಡ್ಡಾಯವಾಗಿರಲಿಲ್ಲ, ಹಾಗಾಗಿ 3 ಕೋಟಿ ಡಾಲರ್ ಗುರಿ ಮುಟ್ಟಲು 2015ರ ಜೂನ್‌ವರೆಗೆ, ಎಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಒಂದೇ ದುರಂತ, ಬಹುಮಟ್ಟಿಗೆ ಅದೇ ಕಂಪನಿಗಳು. ಸಹಿಯ ಕಟ್ಟುಪಾಡಿದ್ದ ತಪಾಸಣೆ ವೇಗವಾಗಿ ಮುಗಿಯಿತು, ಸ್ವಇಚ್ಛೆಗೆ ಬಿಟ್ಟ ಪರಿಹಾರ ತಡವಾಯಿತು. ಉದ್ಯಮ ಹೊಣೆಗಾರಿಕೆಯ ಅಧ್ಯಯನಕ್ಕೆ ಇದಕ್ಕಿಂತ ಸ್ಪಷ್ಟವಾದ ಹೋಲಿಕೆ ಸಿಗುವುದು ಕಷ್ಟ.

ಮಿತಿಗಳು

ಅಕಾರ್ಡ್ ಸಂಬಳವನ್ನು ಮುಟ್ಟುವುದಿಲ್ಲ. ಬಾಂಗ್ಲಾದೇಶದ ಉಡುಪು ಕಾರ್ಮಿಕರ ತಿಂಗಳ ಕನಿಷ್ಠ ವೇತನ 2013ರ ಡಿಸೆಂಬರ್‌ನಲ್ಲಿ 5,300 ಟಾಕಾ, 2018ರಲ್ಲಿ 8,000 ಟಾಕಾ, 2023ರ ಡಿಸೆಂಬರ್‌ನಲ್ಲಿ 12,500 ಟಾಕಾ ಆಯಿತು. ಕೊನೆಯ ಪರಿಷ್ಕರಣೆಗೆ ಮುನ್ನ ಸಂಘಟನೆಗಳು ಕೇಳಿದ್ದು 23,000 ಟಾಕಾ ಮತ್ತು ಅದಕ್ಕೂ ಹೆಚ್ಚು. ಆಗಿನ ಪ್ರತಿಭಟನೆಗಳಲ್ಲಿ ಕಾರ್ಮಿಕರ ಪ್ರಾಣಹಾನಿಯಾಯಿತು. ದುರಸ್ತಿಗೆ ಸಂಬಂಧಿಸಿದ್ದನ್ನು ಬಿಟ್ಟರೆ, ಬ್ರ್ಯಾಂಡ್‌ಗಳು ಕೊಳ್ಳುವ ಬೆಲೆ, ಆರ್ಡರಿನ ಅವಧಿ, ರದ್ದತಿ ಇವೂ ಒಪ್ಪಂದದ ಹೊರಗಿವೆ. 2020ರಲ್ಲಿ ಕೋವಿಡ್ ಬಂದಾಗ 300 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರುಗಳು ರದ್ದಾದವು ಅಥವಾ ತಡೆಹಿಡಿಯಲ್ಪಟ್ಟವು ಎಂದು ಮಾಲೀಕರ ಸಂಘವಾದ ಬಿಜಿಎಂಇಎ ಲೆಕ್ಕ ಕೊಟ್ಟಿತು. ದುರಸ್ತಿಯ ಖರ್ಚು ತಮ್ಮ ಮೇಲೆ ಬಿತ್ತು, ಬೆಲೆ ಮಾತ್ರ ಏರಲಿಲ್ಲ ಎಂಬುದು ಮಾಲೀಕರ ದೂರು. ಉಪಗುತ್ತಿಗೆಯ ಸಣ್ಣ ಕಾರ್ಖಾನೆಗಳು, ಬಟ್ಟೆ ನೇಯುವ ಮತ್ತು ಬಣ್ಣ ಹಾಕುವ ಘಟಕಗಳು ಹೆಚ್ಚಾಗಿ ವ್ಯಾಪ್ತಿಯಿಂದ ಹೊರಗೇ ಉಳಿದವು.

ಕರ್ನಾಟಕದ ಸಂದರ್ಭ

ಅಕಾರ್ಡ್ ಭಾರತಕ್ಕೆ ಅನ್ವಯಿಸುವುದಿಲ್ಲ. ಆದರೆ ಅದಕ್ಕೆ ಸಹಿ ಹಾಕಿದ ಬ್ರ್ಯಾಂಡ್‌ಗಳಲ್ಲಿ ಹಲವು ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಿಂದಲೂ, ರಾಮನಗರ, ಮಂಡ್ಯ ಕಡೆಯ ಘಟಕಗಳಿಂದಲೂ ಉಡುಪು ಕೊಳ್ಳುತ್ತವೆ. ರಾಜ್ಯದಲ್ಲಿ ಈ ಕೆಲಸದಲ್ಲಿರುವವರು ಕೆಲವು ಲಕ್ಷ. ಇಲ್ಲೂ ಹೆಚ್ಚಿನವರು ಹೆಣ್ಣುಮಕ್ಕಳೇ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ, ತಿಂಗಳಿಗೆ 417 ರೂಪಾಯಿಯಷ್ಟಿದ್ದ ತುಟ್ಟಿಭತ್ಯೆಯನ್ನು ರಾಜ್ಯದ ಬಹುತೇಕ ಕಾರ್ಖಾನೆಗಳು ಕೊಡಲಿಲ್ಲ. ಹೈಕೋರ್ಟ್ ಆದೇಶ ಬಂದ ಮೇಲೂ ಬಾಕಿ ಉಳಿಯಿತು. ಸ್ಥಳೀಯ ಸಂಘಗಳು ಪಟ್ಟು ಹಿಡಿದು, ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಬ್ರ್ಯಾಂಡ್‌ಗಳನ್ನು ನೇರವಾಗಿ ಪ್ರಶ್ನಿಸಿದ ನಂತರ 2022ರಲ್ಲಿ ಬಾಕಿ ಪಾವತಿ ಶುರುವಾಯಿತು. ಸುಮಾರು 4 ಲಕ್ಷ ಕಾರ್ಮಿಕರಿಗೆ ಸಂಬಂಧಿಸಿದ ಈ ವಿವಾದದಲ್ಲಿ ಎಲ್ಲ ಬ್ರ್ಯಾಂಡ್‌ಗಳ ಬಳಿಯೂ ಕನಿಷ್ಠ ವೇತನ ಕಡ್ಡಾಯವೆನ್ನುವ ನೀತಿಸಂಹಿತೆ ಇತ್ತು. ಅದನ್ನು ಮುರಿದಾಗ ಕಾರ್ಮಿಕರು ಯಾರ ಬಳಿ ಹಕ್ಕಿನಿಂದ ಕೇಳಬಹುದೆಂಬ ಕರಾರು ಇರಲಿಲ್ಲ.

ಭಾರತದ 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕೆನ್ನುತ್ತದೆ. ಕಂಪನಿಯ ಪೂರೈಕೆ ಸರಪಳಿಯಲ್ಲಿ ನಡೆಯುವುದಕ್ಕೂ ಈ ವೆಚ್ಚಕ್ಕೂ ಸಂಬಂಧವಿಲ್ಲ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಷೇರುಪೇಟೆಯಲ್ಲಿ ಪಟ್ಟಿಯಾದ ಅಗ್ರ 1,000 ಕಂಪನಿಗಳಿಗೆ 2022–23ರಿಂದ ಕಡ್ಡಾಯ ಮಾಡಿದ ಹೊಣೆಗಾರಿಕೆ ವರದಿ ಆ ದಿಕ್ಕಿನಲ್ಲಿ ಸ್ವಲ್ಪ ಹತ್ತಿರ ಬರುತ್ತದೆ.

ಸದ್ಯದ ಸ್ಥಿತಿ

ಅಕಾರ್ಡ್‌ನ ಢಾಕಾ ಕಚೇರಿಯನ್ನು ಮುಚ್ಚಿಸಲು ಅಲ್ಲಿನ ಹೈಕೋರ್ಟಿನಲ್ಲಿ ದೀರ್ಘ ವ್ಯಾಜ್ಯ ನಡೆಯಿತು. 2019ರ ಮೇ ತಿಂಗಳಲ್ಲಿ ಬಿಜಿಎಂಇಎ ಜೊತೆಗಾದ ತಿಳಿವಳಿಕೆಯಂತೆ 2020ರ ಜೂನ್ 1ರಂದು ತಪಾಸಣೆಯ ಕೆಲಸ ಆರ್‌ಎಂಜಿ ಸಸ್ಟೈನಬಿಲಿಟಿ ಕೌನ್ಸಿಲ್ ಎಂಬ ದೇಶೀ ಸಂಸ್ಥೆಗೆ ಹೋಯಿತು. ಅದರ ಮಂಡಳಿಯಲ್ಲಿ ಮಾಲೀಕರು, ಬ್ರ್ಯಾಂಡ್‌ಗಳು, ಕಾರ್ಮಿಕ ಸಂಘಟನೆಗಳಿಗೆ ತಲಾ ಆರು ಸ್ಥಾನಗಳಿವೆ. ಹಿಂದೆ ಮಾಲೀಕರಿಗೆ ಮತವೇ ಇರಲಿಲ್ಲ; ತಪಾಸಣೆಗೊಳಗಾಗುವವರೇ ಮಂಡಳಿಯಲ್ಲಿ ಕುಳಿತದ್ದರಿಂದ ಬಿಗಿ ಸಡಿಲವಾಗಬಹುದೆಂದು ಸಾಕ್ಷಿ ಸಂಸ್ಥೆಗಳು ಎಚ್ಚರಿಸಿವೆ.

ಬ್ರ್ಯಾಂಡ್‌ಗಳ ಕಾನೂನು ಹೊಣೆ 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಇಂಟರ್‌ನ್ಯಾಷನಲ್ ಅಕಾರ್ಡ್‌ನಲ್ಲಿ ಮುಂದುವರಿದಿದೆ. 2023ರ ನವೆಂಬರ್‌ನಿಂದ ಅದರ ಹೊಸ ಆವೃತ್ತಿ ನಡೆಯುತ್ತಿದೆ. 2022ರ ಡಿಸೆಂಬರ್‌ನಲ್ಲಿ ಪಾಕಿಸ್ತಾನಕ್ಕೂ ಅದನ್ನು ವಿಸ್ತರಿಸುವ ಘೋಷಣೆಯಾಯಿತು. ಅಲ್ಲಿ ನೂಲು, ಬಟ್ಟೆ ಗಿರಣಿಗಳೂ ಸೇರಿವೆ.

ಇದರ ನಡುವೆ ಕಾನೂನು ರಚನೆಯ ಕೇಂದ್ರ ಯುರೋಪಿಗೆ ಸರಿದಿದೆ. ಫ್ರಾನ್ಸ್ 2017ರಲ್ಲಿ, ಜರ್ಮನಿ 2023ರಿಂದ ತಮ್ಮ ದೊಡ್ಡ ಕಂಪನಿಗಳಿಗೆ ಪೂರೈಕೆ ಸರಪಳಿಯ ಮೇಲೆ ನಿಗಾ ಇಡುವುದನ್ನು ಕಾನೂನಿನಿಂದ ಕಡ್ಡಾಯ ಮಾಡಿದವು. ಐರೋಪ್ಯ ಒಕ್ಕೂಟದ ಇದೇ ಬಗೆಯ ನಿರ್ದೇಶನ 2024ರ ಜುಲೈನಲ್ಲಿ ಜಾರಿಗೆ ಬಂದಿತು. ಮರುವರ್ಷವೇ ಅದರ ಅನ್ವಯವನ್ನು ಮುಂದೂಡಿ, ವ್ಯಾಪ್ತಿಯನ್ನು ಕುಗ್ಗಿಸುವ ಪ್ರಕ್ರಿಯೆ ಆರಂಭವಾಯಿತು. ಬಾಂಗ್ಲಾದೇಶ 2026ರ ನವೆಂಬರ್‌ನಲ್ಲಿ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಬೇಕೆಂದು ನಿಗದಿಯಾಗಿದೆ. ಹಾಗೆ ಹೊರಬಂದ ಮೇಲೆ, ಪರಿವರ್ತನಾ ಅವಧಿ ಮುಗಿದಂತೆ, ಅದರ ಉಡುಪುಗಳಿಗೆ ಈಗಿರುವ ಸುಂಕ ವಿನಾಯಿತಿ ತಾನಾಗಿ ಉಳಿಯುವುದಿಲ್ಲ. ಯುರೋಪಿನಲ್ಲಿ ಮುಂದಿನ ರಿಯಾಯಿತಿ ಪಡೆಯಲು ಕಾರ್ಮಿಕ ಹಕ್ಕುಗಳ ಒಡಂಬಡಿಕೆಗಳ ಪಾಲನೆಯೂ ಷರತ್ತಾಗಲಿದೆ.